ಕೈ ಹಿಂದೆ ಕಟ್ಟಿಕೊಂಡು ಐದು ನಿಮಿಷ

ಫೆಬ್ರವರಿ 6

ಬೋಲ್ಟು,

ಪತ್ರ ಎಂದ ಮೇಲೆ ಮೊದಲು ಕ್ಷೇಮಸಮಾಚಾರ ಬರೆಯಬೇಕಲ್ಲ. ನಾನು ಅರ್ಧ ಕ್ಷೇಮ, ನಿಮ್ಮಮ್ಮ ಒಂದೂವರೆ ಕ್ಷೇಮ. ಕೂಡಿಸಿ ಭಾಗಿಸಿದರೆ ಇಬ್ಬರೂ ಪೂರ್ತಿ ಕ್ಷೇಮ ಎಂದು ತಿಳಿದುಕೋ.

ಫೋನ್ ಇರುವಾಗ ಈ ಮುದುಕನಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎನ್ನಬೇಡ. ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ಕೆಮ್ಮು ಬಂದು ಮೂರನೆಯದನ್ನು ನುಂಗಿಬಿಡುತ್ತದೆ. ನೀನು ಅತ್ತಲಿಂದ ಅಪ್ಪಾ ಅಪ್ಪಾ ಎಂದು ಕೂಗುತ್ತೀಯ, ನಿಮ್ಮಮ್ಮ ಇತ್ತಲಿಂದ ಫೋನ್ ಕಿತ್ತುಕೊಳ್ಳುತ್ತಾಳೆ. ಕಾಗದದ ಮೇಲೆ ಕೆಮ್ಮು ಬರುವುದಿಲ್ಲ. ನಡುವೆ ಬಾಯಿ ಹಾಕುವವರೂ ಇಲ್ಲ.

ಆಕ್ಸಿಜನ್ ಯಂತ್ರ ಮಂಚದ ಪಕ್ಕದಲ್ಲಿ ಗುರ್ ಎನ್ನುತ್ತ ಕೂತಿದೆ. ಅದರ ನಳಿಕೆ ನನ್ನ ಮೂಗಿನವರೆಗೆ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಮಾಡಿದವನು ಇದನ್ನು ನೋಡಿಯೇ ಮಾಡಿರಬೇಕು. ನಿಮ್ಮಮ್ಮ ಹೊಲಿಗೆ ಯಂತ್ರದಿಂದ ಅಡುಗೆಮನೆಗೆ ಓಡಾಡುವಾಗ ದಿನಕ್ಕೊಮ್ಮೆಯಾದರೂ ಆ ನಳಿಕೆ ತುಳಿಯುತ್ತಾಳೆ. ಬೇಕೆಂದೇ ತುಳಿಯುತ್ತಾಳೆ ಎಂಬುದು ನನ್ನ ಗುಮಾನಿ.

ಮೂವತ್ತು ವರ್ಷ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದವನ ಮನೆ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ದೀಪದ ಬುಡದಲ್ಲೇ ಕತ್ತಲೆ. ಇಳಿದರೆ ಹತ್ತಲಾರೆ, ಹಾಗಾಗಿ ಆಸ್ಪತ್ರೆಗೆ ಬಿಟ್ಟರೆ ಇಳಿಯುವುದೇ ಇಲ್ಲ. ಎಲ್ಲರೂ ಲಿಫ್ಟಿನಲ್ಲಿ ಹೋಗುತ್ತಾರೆ, ಲಿಫ್ಟ್ ಮೆಕ್ಯಾನಿಕ್ ಮಾತ್ರ ಮೆಟ್ಟಿಲು ಹತ್ತಬೇಕು, ಅವನು ಹೋಗುವ ಕಡೆಯಲ್ಲೆಲ್ಲ ಲಿಫ್ಟ್ ಕೆಟ್ಟಿರುತ್ತದಲ್ಲ. ಉಸಿರಿಲ್ಲದವನಿಗೆ ಈ ಕೆಲಸ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗುತ್ತ ಬಂದಿದೆ, ಔಷಧಿಯಿಂದ ನಿಧಾನ ಮಾಡಬಹುದು, ವಾಪಸ್ಸು ತರಲಾಗುವುದಿಲ್ಲ. ಬೇರೆ ಶ್ವಾಸಕೋಶ ಜೋಡಿಸುವುದೊಂದೇ ದಾರಿ. ಸರಿ, ಪಟ್ಟಿಗೆ ಸೇರಿಸಿ ಎಂದೆ. ಆಗ ಇನ್ನೊಂದು ಕೇಳಿದರು. ಕೊಡುವವರಲ್ಲಿ ಎರಡು ಬಗೆಯಂತೆ. ಒಂದು, ಮೆದುಳು ಸತ್ತು ಹೃದಯ ಇನ್ನೂ ನಡೆಯುತ್ತಿರುವವರು. ಇನ್ನೊಂದು, ಮೆದುಳು ಪೂರ್ತಿ ಸತ್ತಿಲ್ಲ, ಆದರೆ ಉಳಿಯುವ ಆಸೆಯೂ ಇಲ್ಲ. ಮನೆಯವರೇ ಯೋಚಿಸಿ ಉಸಿರಾಟದ ಯಂತ್ರ ತೆಗೆಸುತ್ತಾರೆ, ಹೃದಯ ತಾನಾಗಿ ನಿಲ್ಲುತ್ತದೆ, ಅದಾದ ಮೇಲೆ ಶ್ವಾಸಕೋಶ ತೆಗೆಯುತ್ತಾರೆ. ಎರಡನೆಯ ಬಗೆಯದಕ್ಕೂ ಒಪ್ಪಿದರೆ ಬೇಗ ಸಿಗಬಹುದು, ಮೊದಲನೆಯದಕ್ಕೇ ಕಾದರೆ ನಿಮಗೆ ಅಷ್ಟು ಸಮಯ ಇದೆಯೋ ಇಲ್ಲವೋ ಹೇಳಲಾರೆ ಎಂದರು.

ಎರಡನೆಯದು ಬೇಡ ಎಂದು ಹೇಳಿ ಬಂದೆ. ಒಬ್ಬರ ಹೃದಯ ಯಾವಾಗ ನಿಂತೀತು ಎಂದು ಇನ್ನೊಂದು ಕೋಣೆಯಲ್ಲಿ ಅಂಗಿ ಬಿಚ್ಚಿ ಮಲಗಿ ಕಾಯುವುದು ಮನುಷ್ಯರ ಕೆಲಸವಲ್ಲ, ಹದ್ದಿನ ಕೆಲಸ. ಇನ್ನೊಂದಿಷ್ಟು ದಿನ ಯೋಚಿಸಿ ಎಂದು ಡಾಕ್ಟರಮ್ಮ ಕಳಿಸಿದರು. ಅವತ್ತಿನಿಂದ ನಿಮ್ಮಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅಂದರೆ ಮೊದಲಿಗಿಂತ ಹೆಚ್ಚೇ ಮಾತಾಡುತ್ತಾಳೆ, ಗೋಡೆಯ ಜೊತೆ.

ನೀನು ಆಪರೇಷನ್ ಥಿಯೇಟರಿನಲ್ಲಿ ಕತ್ತರಿ ಚಿಮುಟ ಎತ್ತಿಕೊಡುವವಳು. ನಿನ್ನ ಕಿವಿಗೆ ಇದೆಲ್ಲ ಏನಾದರೂ ಬಿದ್ದಿದ್ದರೆ ಬರೆ.

ನಿನ್ನ ಅಪ್ಪ


ಫೆಬ್ರವರಿ 14

ಅಪ್ಪಾ,

ಕತ್ತರಿ ಚಿಮುಟ ಎತ್ತಿಕೊಡುವವಳು ಬರೆಯುತ್ತಿದ್ದೇನೆ.

ಮೂರು ವರ್ಷದಿಂದ ನಾನು ಇರುವುದು ಅಂಗಾಂಗ ತರಲು ಹೋಗುವ ತಂಡದಲ್ಲಿ. ನೀನು ಹೇಳುವ ಆ ಎರಡನೆಯ ಬಗೆಯವರಿಂದಲೂ ತರುತ್ತೇವೆ. ನಿಮಗೆ ಹೇಳಿರಲಿಲ್ಲ. ಮನೆಗೆ ಬಂದವರಿಗೆಲ್ಲ ನೀನು "ಮಗಳು ನರ್ಸು" ಎಂದು ಹೇಳುವಾಗಿನ ಮುಖ ನನಗೆ ಇಷ್ಟ. ಎಂಥ ನರ್ಸು ಎಂದು ಯಾರಾದರೂ ಕೇಳಿ ಆ ಮುಖ ಸಣ್ಣದಾಗುವುದು ಬೇಡ ಅನ್ನಿಸಿತ್ತು. ನೀನು ಹದ್ದು ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

ಯಾವುದರ ಹಿಂದೆ ಯಾವುದು ನಡೆಯುತ್ತದೆ ಎಂದು ಹೇಳುತ್ತೇನೆ, ಕೇಳು. ಮೊದಲು ಅವರಿಗೆ ಚಿಕಿತ್ಸೆ ಕೊಡುವ ಡಾಕ್ಟರುಗಳು ಮತ್ತು ಮನೆಯವರು ಕೂತು, ಇನ್ನು ಯಂತ್ರದಿಂದ ಪ್ರಯೋಜನವಿಲ್ಲ ಎಂದು ತೀರ್ಮಾನಿಸುತ್ತಾರೆ. ಆ ಮಾತುಕತೆಯಲ್ಲಿ ನಾವಿಲ್ಲ. ಅಂಥವರೊಬ್ಬರು ಇದ್ದಾರೆ ಎಂಬುದೇ ನಮಗೆ ಗೊತ್ತಿರುವುದಿಲ್ಲ. ಅದು ನಿಶ್ಚಯವಾದ ಮೇಲೆಯೇ ದಾನದ ಮಾತು. ಒಪ್ಪಿದರೆ ನಮಗೆ ಕರೆ. ನಾವು ಹೋಗಿ ಬೇರೆ ಕೋಣೆಯಲ್ಲಿ ಕೂರುತ್ತೇವೆ. ಸಾವನ್ನು ಹೇಳುವ ಡಾಕ್ಟರು ನಮ್ಮವರಲ್ಲ. ಅವರು ಬಂದು ಹೇಳುವ ತನಕ ನಾವು ಆ ಬಾಗಿಲು ದಾಟುವ ಹಾಗಿಲ್ಲ.

ಹೊಸದಾಗಿ ಸೇರಿದಾಗ ಒಂದು ಸಲ ಮಾತ್ರ, ಎಲ್ಲವನ್ನೂ ನೋಡಿ ತಿಳಿದುಕೊಳ್ಳಲಿ ಎಂದು ಹಿರಿಯ ಸಿಸ್ಟರ್ ನನ್ನನ್ನು ಮನೆಯವರ ಒಪ್ಪಿಗೆ ಕೇಳಿ ಒಳಗೆ ನಿಲ್ಲಿಸಿದ್ದರು. ಉಸಿರಿನ ನಳಿಕೆ ತೆಗೆದರು. ಆ ಮನುಷ್ಯನ ಅಕ್ಕ ಮಂಚದ ಬದಿಗೆ ಕೂತು ಅವರ ತಲೆಗೂದಲನ್ನು ಹಿಂದಕ್ಕೆ ಸವರುತ್ತಲೇ ಇದ್ದರು, ಶಾಲೆಗೆ ಕಳಿಸುವ ಮುಂಚೆ ಮಾಡುವ ಹಾಗೆ. ಸ್ವಲ್ಪ ಹೊತ್ತಿಗೆ ಹೃದಯ ನಿಂತಿತು. ಡಾಕ್ಟರು ಗಡಿಯಾರ ನೋಡಿದರು. ಅಲ್ಲಿಂದ ಐದು ನಿಮಿಷ ನಮ್ಮಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಸುಮ್ಮನೆ ನಿಂತು ನೋಡಬೇಕು. ನಿಂತ ಹೃದಯ ತಾನಾಗಿ ಮತ್ತೆ ಮಿಡಿದರೆ ಲೆಕ್ಕ ಮೊದಲಿನಿಂದ ಶುರು. ಐದು ನಿಮಿಷ ಮುಗಿದ ಮೇಲೆ ಡಾಕ್ಟರು ಮತ್ತೆ ಪರೀಕ್ಷಿಸಿ, ತೀರಿಕೊಂಡರು ಎಂದು ಹೇಳಿದ ಮೇಲೆಯೇ ನಮ್ಮ ಕೆಲಸ.

ಆ ಐದು ನಿಮಿಷ ನಾನು ಹೇಗೆ ನಿಂತಿದ್ದೆ ಗೊತ್ತಾ? ಕೈ ಹಿಂದೆ ಕಟ್ಟಿಕೊಂಡು. ಆಮೇಲೆ ಹಿರಿಯ ಸಿಸ್ಟರ್ ಕೇಳಿದರು, "ಹಾಗೆ ನಿಲ್ಲೋದು ಯಾರಮ್ಮ ಕಲಿಸಿದ್ದು?" "ನಮ್ಮಪ್ಪ, ಲಿಫ್ಟ್ ಮೆಕ್ಯಾನಿಕ್" ಎಂದೆ.

ಶಾಲೆಯ ರಜೆಯಲ್ಲಿ ನಿನ್ನ ಚೀಲ ಹೊತ್ತುಕೊಂಡು ಮೆಟ್ಟಿಲು ಹತ್ತಿ ಮೆಷಿನ್ ರೂಮಿಗೆ ಬರುತ್ತಿದ್ದೆನಲ್ಲ. ನೀನು ಮೇನ್ ಸ್ವಿಚ್ ಕೆಳಗೆಳೆದು "ಕೈ ಹಿಂದಕ್ಕೆ" ಎನ್ನುತ್ತಿದ್ದೆ. ಕರೆಂಟ್ ಹೋದರೂ ಲಿಫ್ಟಿನ ಕಂಟ್ರೋಲ್ ಪೆಟ್ಟಿಗೆಯೊಳಗೆ ಶಕ್ತಿ ಇನ್ನೂ ಉಳಿದಿರುತ್ತದೆ, ಅದು ತಾನಾಗಿ ಇಳಿಯುವ ತನಕ ಐದು ನಿಮಿಷ ಮುಟ್ಟಬಾರದು ಎಂದು ಹೇಳಿ, ಇಬ್ಬರೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆವು. ನೀನು ಅಷ್ಟು ಹೊತ್ತೂ ಒಂದೇ ಹಾಡನ್ನು ಸಿಳ್ಳೆ ಹಾಕುತ್ತಿದ್ದೆ, ಒಂದೇ ಜಾಗದಲ್ಲಿ ತಪ್ಪುತ್ತಿದ್ದೆ.

ಹದ್ದು ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ ಅಪ್ಪಾ, ಕೈ ಹಿಂದೆಯೂ ಕಟ್ಟಿಕೊಳ್ಳುವುದಿಲ್ಲ.

ನಮ್ಮ ಮುಖ್ಯಸ್ಥರಿಗೆ ನಿನ್ನ ವಿಷಯ ಹೇಳಿದ್ದೇನೆ. ನಿನಗೆ ಬರುವುದು ನನ್ನ ಕೈ ದಾಟಿ ಬರುವುದಿಲ್ಲ, ಅಷ್ಟು ನಿಯಮ ನಮಗಿದೆ. ನೀನು ಎರಡಕ್ಕೂ ಹೂಂ ಎನ್ನು. ನನಗೆ ಅಪ್ಪ ಬೇಕು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ನಿನ್ನ ಬೋಲ್ಟು


ಫೆಬ್ರವರಿ 25

ಬೋಲ್ಟು,

ಮನುಷ್ಯರನ್ನು ಲಿಫ್ಟಿಗೆ ಹೋಲಿಸಿದ್ದೀಯ. ಎರಡು ದಿನ ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಸಿಟ್ಟಿಗೂ ಉಸಿರು ಹೆಚ್ಚು ಖರ್ಚಾಗುತ್ತದೆ, ಮೂರನೆಯ ದಿನ ಬಿಟ್ಟೆ.

ನನ್ನ ಹಳೆಯ ಜೊತೆಗಾರನನ್ನು ನೀನು ನೋಡಿದ್ದೀಯ, ಎಡಚ. ಅವನ ಎಡಗೈಯಲ್ಲಿ ಎರಡು ಬೆರಳು ಮೊಂಡಾಗಿದ್ದವಲ್ಲ, ಏನಾಯಿತು ಎಂದು ನೀನು ಕೇಳಿದಾಗ ಇಲಿ ತಿಂದಿತು ಎಂದಿದ್ದ. ಇಲಿಯಲ್ಲ. ಮೇನ್ ಆಫ್ ಮಾಡಿದ ತಕ್ಷಣ ಪೆಟ್ಟಿಗೆಗೆ ಕೈ ಹಾಕಿದ. ಕೆಳಗೆ ಜನ ಕಾಯುತ್ತಿದ್ದರು, ಆತುರ. ಆತುರಗಾರನಿಗೆ ಬುದ್ಧಿ ಮಟ್ಟ. ಗೋಡೆಗೆ ಹೋಗಿ ಬಿದ್ದವನು ಎಚ್ಚರವಾದಾಗ ಹೇಳಿದ್ದು ಒಂದೇ ಮಾತು, "ನಿಂತಿದೆ ಅಂದ್ಕೊಂಡೆ ಕಣೋ." ಅವತ್ತಿನಿಂದ ಕೈ ಹಿಂದೆ ಕಟ್ಟುವ ನಿಯಮ ಮಾಡಿದೆ.

ನಮ್ಮ ಪ್ರಾಣ ಉಳಿಸಿಕೊಳ್ಳಲು ಆ ನಿಯಮ ಎಂದು ನೀನು ತಿಳಿದಿದ್ದೆ. ಅದು ಅರ್ಧ. ಉಳಿದರ್ಧ ಇದು: ನಿಂತಿದೆ ಎಂದು ಹೇಳುವ ಹಕ್ಕು ಬಿಚ್ಚಲು ಆತುರದಲ್ಲಿರುವವನದಲ್ಲ. ನಿನ್ನ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಬೇರೆ ಯಾವುದನ್ನೂ ಅಲ್ಲ, ಸಾವನ್ನು ಹೇಳುವವರು ನಿಮ್ಮವರಲ್ಲ ಎಂದು ಬರೆದೆಯಲ್ಲ, ಆ ಸಾಲನ್ನು. ಹಾಗಾದರೆ ಸರಿ. ಆ ಕೋಣೆಯಲ್ಲಿ ಕೆಲಸ ಗೊತ್ತಿದ್ದವರೇ ಇದ್ದಾರೆ.

ಡಾಕ್ಟರಮ್ಮನಿಗೆ ಎರಡಕ್ಕೂ ಒಪ್ಪಿಗೆ ತಿಳಿಸಿದೆ. ಪಟ್ಟಿಗೆ ಸೇರಿದೆ. ನಿಮ್ಮಮ್ಮ ಗೋಡೆಯ ಸ್ನೇಹ ಬಿಟ್ಟು ನನ್ನತ್ತ ತಿರುಗಿ, ಊಟಕ್ಕೆ ಬನ್ನಿ ಎಂದಳು.

ಇನ್ನು ಸಿಳ್ಳೆ. ನಾನು ಎಂದೂ ತಪ್ಪಿಲ್ಲ, ಹಾಡೇ ಹಾಗಿದೆ. ಸಿಳ್ಳೆ ಹಾಕಿ ಮೂರು ವರ್ಷವಾಯಿತು, ಆದರೂ ಮಾನ ಬಿಟ್ಟುಕೊಡುವುದಿಲ್ಲ.

ಮಗಳು ನರ್ಸು ಎಂದು ಹೇಳುವುದನ್ನು ಬಿಟ್ಟಿದ್ದೇನೆ. ನಿನ್ನೆ ಆಕ್ಸಿಜನ್ ಯಂತ್ರ ನೋಡಲು ಬಂದಾತನಿಗೆ ನೀನು ಮಾಡುವ ಕೆಲಸವನ್ನು ಪೂರ್ತಿ ಹೇಳಿದೆ. ಮುಖ ಸಣ್ಣದಾಗಲಿಲ್ಲ. ಕೆಮ್ಮು ಮಾತ್ರ ಬಂತು.

ನಿನ್ನ ಅಪ್ಪ


ಮೇ 3

ಬೋಲ್ಟು,

ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಕರೆ ಬಂತು, ಹೋದೆವು, ಆಗಲಿಲ್ಲ, ಬಂದೆವು ಎಂದು. ಅವಳಿಗೆ ಗೊತ್ತಿರುವುದು ಅಷ್ಟೇ. ಉಳಿದದ್ದನ್ನು ನಿನಗೆ ಹೇಳುತ್ತೇನೆ.

ಬೆಳಗ್ಗೆ ಫೋನ್ ಬಂದಾಗ ನಿಮ್ಮಮ್ಮ ಯಾರದೋ ಪ್ಯಾಂಟಿಗೆ ಅಂಚು ಹೊಲಿಯುತ್ತಿದ್ದಳು. ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಎದ್ದಳು. ಆಂಬುಲೆನ್ಸಿನ ಇಬ್ಬರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿದರು. ಜನರನ್ನು ಮೇಲೆ ಕೆಳಗೆ ಸಾಗಿಸುವುದೇ ಬದುಕಾಗಿದ್ದವನನ್ನು ಮೂಟೆಯ ಹಾಗೆ ಹೊತ್ತರು. ತಿರುವಿನಲ್ಲಿ ನಿಧಾನ ಎಂದು ನಾನೇ ಅವರಿಗೆ ಹೇಳಿಕೊಟ್ಟೆ.

ಆಸ್ಪತ್ರೆಯಲ್ಲಿ ಸ್ನಾನ, ಗೌನು, ಸೂಜಿ, ಎಲ್ಲ ಆಯಿತು. ಇದನ್ನೆಲ್ಲ ನೋಡಿಕೊಳ್ಳುವ ಸಂಯೋಜಕಿ ಬಂದು ಪಕ್ಕದಲ್ಲಿ ಕೂತರು. ಕೊಡುವವರು ಬೇರೆ ಆಸ್ಪತ್ರೆಯಲ್ಲಿದ್ದಾರೆ, ಮಧ್ಯಾಹ್ನ ಯಂತ್ರ ತೆಗೆಯುತ್ತಾರೆ, ಗೊತ್ತು ಮಾಡಿದ ಹೊತ್ತಿನೊಳಗೆ ಹೃದಯ ತಾನಾಗಿ ನಿಂತರೆ ಮುಂದಿನದು, ನಿಲ್ಲದಿದ್ದರೆ ಎಲ್ಲರೂ ವಾಪಸ್ಸು ಎಂದರು. ನನಗೆ ಗೊತ್ತು, ನನ್ನ ಮಗಳು ಅದೇ ಕೆಲಸದವಳು ಎಂದೆ. ದೊಡ್ಡಸ್ತಿಕೆಯಿಂದಲೇ ಹೇಳಿದೆ.

ಆಮೇಲೆ ಒಬ್ಬನೇ ಮಲಗಿದ್ದೆ. ಓಡುತ್ತಿರುವ ಮೋಟಾರಿನ ಸದ್ದು ಯಾವಾಗ ತಗ್ಗುತ್ತದೆ ಎಂದು ಕಿವಿಗೊಟ್ಟು ಕೂರುವವನು ನಾನು. ಅವತ್ತು ಆ ಕಾರಿಡಾರಿನ ಹೆಜ್ಜೆ ಸದ್ದಿಗೆ ಹಾಗೆ ಕಿವಿಗೊಟ್ಟೆ. ಕೊನೆಗೆ ಸಂಯೋಜಕಿ ಬಂದರು. ಬಾಗಿಲಲ್ಲೇ ನಿಂತು, "ಇವತ್ತು ಆಗಲ್ಲ ಯಜಮಾನ್ರೇ. ಅವರ ಹೃದಯ ಇನ್ನೂ ನಡೀತಾ ಇದೆ" ಎಂದರು.

ಯಾರದೋ ಹೃದಯ ಇನ್ನೂ ನಡೆಯುತ್ತಿದೆ ಎಂದು ಕೇಳಿದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು "ಛೆ". ಯೋಚಿಸಿ ಬಂದದ್ದಲ್ಲ, ತಾನಾಗಿ ಬಂದದ್ದು. ಹಾಗೆ ಬಂದದ್ದೇ ನಿಜ ತಾನೆ?

ನೀನು ಹೇಳಿದ್ದೆಲ್ಲ ಸರಿ ಇರಬಹುದು. ಆ ಕೋಣೆಯಲ್ಲಿರುವವರು ಹದ್ದುಗಳಲ್ಲ. ಈ ಕೋಣೆಯಲ್ಲಿ ಮಲಗಿದ್ದವನ ಮಾತು ಬೇರೆ. ಎರಡನೆಯದು ಬೇಡ ಎಂದು ನಾಳೆ ಫೋನ್ ಮಾಡಿ ಹೇಳಿಬಿಡುತ್ತೇನೆ. ನಿನಗೆ ಬೇಸರವಾಗುತ್ತದೆ, ಗೊತ್ತು.

ನಿನ್ನ ಅಪ್ಪ


ಮೇ 6

ಮಗಳೇ,

ಅಪ್ಪ ಮಗಳು ಪತ್ರ ಬರೆದುಕೊಳ್ಳುವಾಗ ನನಗೆ ಸಿಕ್ಕಿದ್ದು ಅಂಚೆಪೆಟ್ಟಿಗೆಗೆ ಹಾಕುವ ಕೆಲಸ ಮಾತ್ರ. ಈ ಸಲ ಒಳಗೆ ಏನಿದೆ ಎಂದು ಕೇಳಿದೆ. ಅವರೇ ಓದಿ ಹೇಳಿದರು. ಅದಕ್ಕೇ ಈ ಪತ್ರ.

ನಿಮ್ಮಪ್ಪ ಮರುದಿನ ಬೆಳಗ್ಗೆ, ಆಸ್ಪತ್ರೆಗೆ ಫೋನ್ ಮಾಡಿಕೊಡು, ಬೇಡ ಅಂತ ಹೇಳಬೇಕು ಎಂದರು. ನಿಮ್ಮ ಮಾತು, ನೀವೇ ಆಡಿ ಎಂದು ಫೋನ್ ಕೈಗೆ ಕೊಟ್ಟು ನಾನು ಕತ್ತರಿ ಹಿಡಿದು ಕೂತೆ. ಮಾಡಿದರು. ಅತ್ತ ಆ ಸಂಯೋಜಕಿ ಹಲೋ ಎಂದರು. ಇವರು, ನಾನು ಹೇಳೋದೇನಂದ್ರೆ ಎಂದರು, ಕೆಮ್ಮು ಬಂತು. ನೀರು ಕುಡಿದರು. ಎರಡನೆಯದು ಎಂದರು, ಮತ್ತೆ ಕೆಮ್ಮು. ಪಾಪ, ಆಕೆ ನಿಧಾನ ನಿಧಾನ ಎಂದು ಕಾಯುತ್ತಲೇ ಇದ್ದರು. ಕೊನೆಗೆ ಇವರೇ ಫೋನ್ ಕೆಳಗಿಟ್ಟರು. ನಾನು ಕತ್ತರಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ ಹೇಳಿದೆ, "ಬೇಡ ಅನ್ನೋಕೂ ಉಸಿರು ಬೇಕಲ್ರೀ. ಮೊದಲು ಅದನ್ನ ತಗೊಳ್ಳಿ, ಆಮೇಲೆ ಎಷ್ಟು ಬೇಕಾದ್ರೂ ಬೇಡ ಅನ್ನಿ."

ನಕ್ಕರು. ನಕ್ಕಿದ್ದಕ್ಕೂ ಕೆಮ್ಮಿದರು. ಮತ್ತೆ ಫೋನ್ ಕೇಳಲಿಲ್ಲ, ಆದರೆ ಮುಖ ಕಿಟಕಿಯ ಕಡೆಗೇ ಇದೆ. ಮೊಂಡರ ಮೇಲೆ ನನ್ನ ಮಾತಿನ ಹಿಡಿತ ಒಂದು ದಿನ, ನಿನ್ನ ಮಾತಿನದು ಒಂದು ವಾರ. ಬೇಗ ಬರೆ.

ನಾನು ಧೈರ್ಯವಾಗಿದ್ದೇನೆ. ಭಯವೇ ಇಲ್ಲ ಎಂದಲ್ಲ, ಅವರು ಮಂಚದಿಂದ ಕಿಟಕಿಗೆ ಹೋಗುವಾಗಲೆಲ್ಲ ಪೆಡಲ್ ನಿಲ್ಲಿಸಿ ಆಲಿಸುತ್ತೇನೆ. ಆದರೂ ಆಪರೇಷನ್ ಆದ ಮೇಲೆ ಹಾಕಿಕೊಳ್ಳಲು ಮುಂದೆ ಪೂರ್ತಿ ತೆರೆಯುವ ಒಂದು ಅಂಗಿ ಹೊಲಿದು ಇಟ್ಟಿದ್ದೇನೆ. ಎದೆಯ ಹತ್ತಿರ ಬಟ್ಟೆ ಹೆಚ್ಚಿಗೆ ಬಿಟ್ಟಿದ್ದೇನೆ. ಈಗ ಅವರ ಎದೆ ಒಳಗೆ ಹೋಗಿದೆ, ಈಗಿನ ಅಳತೆಗೆ ಹೊಲಿದರೆ ಮುಂದೆ ಬಿಗಿಯಾಗುತ್ತದೆ.

ಅಮ್ಮ


ಮೇ 12

ಅಪ್ಪಾ,

ಹಿಂದೆ ಒಂದು ಸಲ ನಾವೂ ಹಾಗೆಯೇ ಹೋಗಿ ಬರಿಗೈಯಲ್ಲಿ ಬಂದೆವು. ಹೇಳಿದ ಹೊತ್ತು ಮೀರಿತು, ಹೃದಯ ನಿಲ್ಲಲಿಲ್ಲ. ರಕ್ತದ ಓಟ ಬಹಳ ಹೊತ್ತು ಇಳಿದೇ ಇದ್ದರೆ ಅಂಗಗಳು ಕೆಡುತ್ತವೆ, ಅದಕ್ಕೇ ಆ ಗಡುವು. ನಮ್ಮ ಪೆಟ್ಟಿಗೆಗಳನ್ನು ಮುಚ್ಚಿಕೊಂಡು ಕಾರಿಡಾರಿನಲ್ಲಿ ಬರುತ್ತಿದ್ದಾಗ ಅವರ ಹೆಂಡತಿ ಹಿಂದಿನಿಂದ ಬಂದು ನನ್ನ ಕೈಯಲ್ಲಿದ್ದ ಪೆಟ್ಟಿಗೆಯ ಹಿಡಿಕೆ ಹಿಡಿದುಕೊಂಡರು. "ಇನ್ನೊಂಚೂರು ಹೊತ್ತು ಇರಿ. ಅವರು ಕೊಡ್ತೀನಿ ಅಂದಿದ್ರು" ಎಂದರು. ನಮ್ಮಿಂದ ಆಗುವುದಿಲ್ಲ ಎಂದು ಗೊತ್ತಾದಾಗ ಆಕೆಯ ಬಾಯಿಂದ ಬಂದದ್ದೂ "ಛೆ".

ಆಕೆ ಗಂಡನ ಸಾವು ಬಯಸಿದರು ಎನ್ನುತ್ತೀಯಾ? ಬೆಳಗಿನಿಂದ ಅವರ ಕೈ ಬಿಟ್ಟಿರಲಿಲ್ಲ. ಸಾವು ಆಗಲೇ ಬಂದು ಕೋಣೆಯಲ್ಲಿ ಕೂತಿತ್ತು, ಅದನ್ನು ಯಾರೂ ಕರೆದಿರಲಿಲ್ಲ. ಅದು ಎಲ್ಲವನ್ನೂ ಹೊತ್ತುಕೊಂಡು ಹೋಗದಿರಲಿ ಎಂದಷ್ಟೇ ಆಕೆ ಕೇಳಿದ್ದು. ನಾವು ತೆಗೆದುಕೊಳ್ಳುವವರು ಎಂದು ನೀನು ಒಂದೇ ಸಮ ಯೋಚಿಸುತ್ತೀಯ. ಆ ಕಡೆ ಕೊಡಬೇಕು ಎಂದು ಕೂತಿರುವವರೂ ಇದ್ದಾರೆ. ನಿನ್ನ ಛೆ ಮತ್ತು ಆಕೆಯ ಛೆ ಬೇರೆ ಬೇರೆ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಮಾತು, ಇದು ಮೆಕ್ಯಾನಿಕ್ಕಿಗೆ. ಹಗ್ಗ ಕಡಿದರೂ ಬ್ರೇಕ್ ಹಿಡಿಯುತ್ತದೆಯೇ ಎಂದು ಪರೀಕ್ಷಿಸದೆ ಲಿಫ್ಟನ್ನು ಜನರಿಗೆ ಬಿಡಬಾರದು ಎನ್ನುತ್ತಿದ್ದವನು ನೀನು. ಅವತ್ತು ಇನ್ನೊಬ್ಬರ ಹೃದಯ ನಡೆಯುತ್ತಿತ್ತು. ಅದನ್ನು ಬೇಗ ನಿಲ್ಲಿಸಲು ಯಾರೂ ಒಂದು ಬೆರಳು ಎತ್ತಲಿಲ್ಲ. ಇತ್ತ ನೀನು ಅಂಗಿ ಬಿಚ್ಚಿ ಮಲಗಿದ್ದರೂ, ಅಲ್ಲಿ ಡಾಕ್ಟರುಗಳು ಇಡೀ ದಿನ ಕಾದಿದ್ದರೂ ಎಲ್ಲರೂ ಕೈ ಹಿಂದೆ ಕಟ್ಟಿಕೊಂಡು ವಾಪಸ್ಸು ಹೋದರು. ಬ್ರೇಕ್ ಹಿಡಿಯಿತು ಅಪ್ಪಾ. ಹಿಡಿದಾಗ ನೀನು ಒಳಗೇ ಇದ್ದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾರಿಗೆ ಸಿಗುತ್ತದೆ?

ಅಮ್ಮ ಹೊಲಿದ ಅಂಗಿಯ ವಿಷಯ ಬರೆದಿದ್ದಾಳೆ. ಅವಳು ಬಟ್ಟೆ ದಂಡ ಮಾಡುವವಳಲ್ಲ.

ಬೋಲ್ಟು


ಮೇ 19

ಬೋಲ್ಟು,

ಬ್ರೇಕ್ ಹಿಡಿಯಿತು, ಒಪ್ಪಿದೆ.

ಅವತ್ತಿನ ಆ ಮನುಷ್ಯರು ಏನಾದರು ಎಂದು ಸಂಯೋಜಕಿಯನ್ನು ಕೇಳಿದೆ. ಹೇಳುವ ಹಾಗಿಲ್ಲ ಎಂದರು. ಹೇಳದಿರುವುದೇ ಸರಿ. ಅವರ ಮನೆಯವರು ಅವರ ಹತ್ತಿರ ಇನ್ನೊಂದಿಷ್ಟು ಹೊತ್ತು ಕೂತಿದ್ದಾರು, ಅದು ಅವರ ಪಾಲಿನದು.

ಎರಡಕ್ಕೂ ನನ್ನ ಹೆಸರು ಹಾಗೆಯೇ ಇದೆ. ಬೇಡ ಎನ್ನಲು ಫೋನ್ ಮಾಡಿದ್ದೆ ಎಂಬುದು ಆಕೆಗೆ ಗೊತ್ತೇ ಆಗಿಲ್ಲ. ಯಜಮಾನರು ಕ್ಷೇಮ ಕೇಳಲು ಮಾಡಿದ್ದರು ಎಂದುಕೊಂಡಿದ್ದಾರೆ.

ಕೈ ಸೋಲುತ್ತಿದೆ, ಇಷ್ಟೇ ಸಾಕು.

ಅಪ್ಪ


ಸೆಪ್ಟೆಂಬರ್ 21

ಬೋಲ್ಟು,

ನಿನ್ನನ್ನು ಬಸ್ಸಿಗೆ ಹತ್ತಿಸಿ ನಿಮ್ಮಮ್ಮ ಮನೆಗೆ ಬರುವಷ್ಟರಲ್ಲಿ ಪತ್ರ ಶುರು ಮಾಡಿದ್ದೇನೆ. ಈಗ ಫೋನಿನಲ್ಲಿ ಎಷ್ಟು ಬೇಕಾದರೂ ಮಾತಾಡಬಲ್ಲೆ. ನಿಮ್ಮಮ್ಮನಿಗೆ ಎದುರು ಮಾತಾಡುವಷ್ಟು ಉಸಿರಿದೆ ಎಂದರೆ ಇನ್ನೇನು ಬೇಕು. ಆದರೂ ಬರೆಯುವ ಚಟ ಹತ್ತಿದೆ. ಅಕ್ಷರ ನಡುಗಿದೆ ಎಂದು ಗಾಬರಿಯಾಗಬೇಡ, ಮಾತ್ರೆಗಳಿಂದ ಕೈ ನಡುಗುತ್ತದೆ ಎಂದು ನೀನೇ ಹೇಳಿದ್ದೀಯ.

ಇಷ್ಟು ವಾರ ನೀನು ಪಕ್ಕದಲ್ಲೇ ಇದ್ದೆ, ಮುಖ ನೋಡಿಕೊಂಡು ಕೆಲವು ಮಾತು ಆಗಲಿಲ್ಲ. ಆಪರೇಷನ್ ಆಗಿ ಎಚ್ಚರವಾದಾಗ ಮೊದಲು ಗೊತ್ತಾದದ್ದು ನೋವಲ್ಲ, ಸದ್ದು ಇಲ್ಲದಿರುವುದು. ನನ್ನ ಎದೆಯೊಳಗೆ ವರ್ಷಗಟ್ಟಲೆ ಒಂದು ಕರಕರ ಇತ್ತು, ಎಣ್ಣೆ ಆರಿದ ಬೇರಿಂಗಿನದು. ಅದು ಇರಲಿಲ್ಲ. ನಳಿಕೆ ತೆಗೆದ ಮೇಲೆ ಒಂದು ಉಸಿರು ಎಳೆದೆ, ಅದು ಹೋಗುತ್ತಲೇ ಇತ್ತು. ಇಷ್ಟು ದೂರ ಹೋಗುತ್ತದೆಯೇ ಎಂದು ಹೆದರಿಕೆಯಾಯಿತು. ಆಗ ಕಣ್ಣಲ್ಲಿ ನೀರು ಬಂತು, ನೀನು ನೋವಿರಬೇಕು ಎಂದು ಸಿಸ್ಟರನ್ನು ಕರೆದೆ. ನೋವಲ್ಲ ಕಣೇ.

ಸರ್ಜನ್ ಹೋದ ವಾರ ಹೇಳಿದರು. ಎರಡನೆಯ ಬಗೆಯವರೊಬ್ಬರಿಂದ ಬಂದ ಆ ಶ್ವಾಸಕೋಶವನ್ನು ತಂದ ಕೂಡಲೇ ಜೋಡಿಸಲಿಲ್ಲವಂತೆ. ಒಂದು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ನಳಿಕೆ ಕೊಟ್ಟು, ಹೊರಗೇ ಉಸಿರಾಡಿಸಿ, ಸರಿಯಾಗಿ ನಡೆಯುತ್ತದೆಯೇ ಎಂದು ಕೆಲವು ಗಂಟೆ ನೋಡಿ, ಆಮೇಲೆ ನನ್ನೊಳಗೆ ಇಟ್ಟರಂತೆ. ಅಂದರೆ ಬೆಂಚಿನ ಮೇಲೆ ಓಡಿಸಿ ನೋಡಿ ಫಿಟ್ ಮಾಡಿದ್ದಾರೆ. ಎಂಥ ಅಚ್ಚುಕಟ್ಟು ಕೆಲಸ. ನಮ್ಮ ಕಡೆಯೂ ಹೊಸ ಮೋಟಾರನ್ನು ಹಾಗೆಯೇ ಅಲ್ಲವೇ ಎಂದೆ. ಅವರು ಮೋಟಾರಿನ ಬಗ್ಗೆ ಅರ್ಧ ಗಂಟೆ ಕೂತು ಕೇಳಿದರು, ಒಳ್ಳೆಯ ಮನುಷ್ಯ.

ಅಂಗಿ ಮೊದಲ ದಿನ ಎದೆಯ ಹತ್ತಿರ ಜೋಲುತ್ತಿತ್ತು. ಈಗ ಸರಿಯಾಗಿ ಕೂರುತ್ತಿದೆ. ನಿಮ್ಮಮ್ಮ ದಿನಾ ಒಂದು ಸಲ ಹೆಗಲ ಹತ್ತಿರ ಎಳೆದು ನೋಡಿ, ಹೊಲಿಗೆಗೆ ವಾಪಸ್ಸು ಹೋಗುತ್ತಾಳೆ.

ಕೊಟ್ಟವರ ಮನೆಯವರಿಗೆ ಪತ್ರ ಬರೆಯಬಹುದು ಎಂದು ಸಂಯೋಜಕಿ ಹೇಳಿದ್ದರು. ಬರೆದು ಕೊಟ್ಟೆ. ವಾಪಸ್ಸು ಬಂತು. ನಾನು ಕೆಳಗೆ ಹೆಸರು ಹಾಕಿ, ನನ್ನ ನಂಬರ್ ಕೊಟ್ಟು, ನಿಮ್ಮ ಕಟ್ಟಡದ ಲಿಫ್ಟ್ ಯಾವಾಗ ಕೆಟ್ಟರೂ ಒಂದು ಫೋನ್ ಮಾಡಿ, ನಾನಿರುವ ತನಕ ಅದರ ರಿಪೇರಿ ನನ್ನದು ಎಂದು ಬರೆದಿದ್ದೆ. ಇನ್ನೇನು ಕೊಡಲು ಬರುತ್ತದೆ ನನಗೆ? ಹೆಸರು, ಊರು, ನಂಬರ್ ಯಾವುದೂ ಇರಬಾರದು ಯಜಮಾನ್ರೇ ಎಂದು ಆಕೆ ನಗುತ್ತಲೇ ಹೇಳಿದರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಯಾರೋ ನನಗೆ ಗೊತ್ತಾಗಬಾರದು, ನಾನು ಯಾರೋ ಅವರಿಗೆ ಗೊತ್ತಾಗಬಾರದು. ಕೊಟ್ಟದ್ದನ್ನು ವಾಪಸ್ಸು ತೀರಿಸಲು ಯಾವ ದಾರಿಯನ್ನೂ ಬಿಟ್ಟಿಲ್ಲ.

ಮತ್ತೆ ಬರೆಯಬೇಕು. ಏನು ಬರೆಯಲಿ ಎಂದು ಹೊಳೆಯುತ್ತಿಲ್ಲ. ಕೆಲಸಕ್ಕೆ ಹೋದ ಮೇಲೆ ಹೊಳೆಯಬಹುದು.

ಅಪ್ಪ


ಫೆಬ್ರವರಿ 9

ನಿಮಗೆ ನಮಸ್ಕಾರ.

ನಾನು ಯಾರು, ಎಲ್ಲಿಯವನು ಎಂದು ಹೇಳುವ ಹಾಗಿಲ್ಲ. ನೀವು ತಾಯಿಯೋ, ಗಂಡನೋ, ಮಗಳೋ ನನಗೂ ಗೊತ್ತಿಲ್ಲ. ಕಸುಬು ಹೇಳಬಹುದಂತೆ. ನಾನು ಲಿಫ್ಟ್ ರಿಪೇರಿ ಮಾಡುವವನು. ನಿಮ್ಮವರ ಶ್ವಾಸಕೋಶ ನನ್ನಲ್ಲಿದೆ.

ಇದಕ್ಕೆ ಮುಂಚೆ ಒಂದು ಪತ್ರ ಬರೆದಿದ್ದೆ, ಅದು ನಿಯಮಕ್ಕೆ ಹೊಂದಲಿಲ್ಲ. ನಿಮ್ಮ ಕಟ್ಟಡದ ಲಿಫ್ಟನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದೆ. ನೀವು ಯಾವ ಕಟ್ಟಡದಲ್ಲಿದ್ದೀರಿ ಎಂದು ಹೇಳುವುದಿಲ್ಲ ಎಂದರು. ಹಾಗಾಗಿ ಎಲ್ಲ ಕಟ್ಟಡವೂ ನಿಮ್ಮದೇ ಎಂದು ಇಟ್ಟುಕೊಂಡಿದ್ದೇನೆ.

ನಿನ್ನೆ ಕೆಲಸಕ್ಕೆ ಹೋದೆ. ಲಿಫ್ಟಿನ ತಳದ ಧೂಳಿರುವ ಗುಂಡಿಗೆ ಇಳಿಯಬಾರದು, ಮಾಸ್ಕ್ ತೆಗೆಯಬಾರದು ಎಂದು ಡಾಕ್ಟರಮ್ಮ ಹೇಳಿದ್ದಾರೆ, ಮೇಲಿನ ಮೆಷಿನ್ ರೂಮಿಗೆ ಒಪ್ಪಿಗೆ ಇದೆ. ಒಬ್ಬ ಅಜ್ಜಿ ತರಕಾರಿ ಚೀಲ ಹಿಡಿದು ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಮನೆ ಐದನೆಯ ಮಹಡಿ. "ಆಗತ್ತಾಪ್ಪ ಇವತ್ತು?" ಎಂದು ಕೇಳಿದರು. ಆಗತ್ತೆ ಕೂತ್ಕೊಳಿ ಎಂದು ಹೇಳಿ ಮೆಟ್ಟಿಲು ಹತ್ತಿದೆ. ಹೋದ ವರ್ಷ ಇದೇ ಹೊತ್ತಿಗೆ ಮಂಚದಿಂದ ಕಿಟಕಿಗೆ ಹೋಗುವುದೇ ನನಗೆ ದೊಡ್ಡ ಪ್ರಯಾಣವಾಗಿತ್ತು. ನಿನ್ನೆ ಎಂಟನೆಯ ಮಹಡಿಯವರೆಗೆ ಹತ್ತಿದೆ. ನಡುವೆ ಒಂದು ಸಲ ನಿಂತೆ. ದಣಿದು ನಿಂತದ್ದಲ್ಲ, ದಣಿಯಲಿಲ್ಲವಲ್ಲ ಎಂದು ನಿಂತದ್ದು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಮೇನ್ ಆಫ್ ಮಾಡಿದ ಮೇಲೆ ಐದು ನಿಮಿಷ ಏನನ್ನೂ ಮುಟ್ಟಬಾರದು. ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ನಿಮ್ಮವರ ಬಳಿಯೂ ಅವತ್ತು ಹಾಗೆಯೇ ಐದು ನಿಮಿಷ ನಿಂತಿದ್ದರು ಎಂದು ಕೇಳಿ ಬಲ್ಲೆ. ಅವತ್ತು ಅಲ್ಲಿ ಯಾರೂ ಆತುರ ಮಾಡಲಿಲ್ಲ ಎಂಬುದು ನನಗೆ ಬಹಳ ದೊಡ್ಡ ಸಮಾಧಾನ. ನಿಮಗೂ ಆಗಿರಲಿ.

ಮೊದಲೆಲ್ಲ ಆ ಐದು ನಿಮಿಷ ನನ್ನದಾಗಿತ್ತು, ಸಿಳ್ಳೆ ಹಾಕಿಕೊಂಡು ಕಳೆಯುತ್ತಿದ್ದೆ. ನಿನ್ನೆ ಸುಮ್ಮನೆ ನಿಂತೆ. ಇನ್ನು ಮುಂದೆ ಎಲ್ಲಿ ಸ್ವಿಚ್ ಇಳಿಸಿದರೂ ಆ ಐದು ನಿಮಿಷ ನಿಮ್ಮವರದು. ಹೆಸರು ಗೊತ್ತಿಲ್ಲದ್ದರಿಂದ ಹೆಸರಿಲ್ಲದೆ ನೆನೆಯುತ್ತೇನೆ.

ಆಮೇಲೆ ಪೆಟ್ಟಿಗೆ ಬಿಚ್ಚಿ, ಸುಟ್ಟ ಒಂದು ರಿಲೇ ಬದಲಾಯಿಸಿ, ಕರೆಂಟ್ ಕೊಟ್ಟೆ. ಅಜ್ಜಿ ಕೆಳಗೆ ಬಟನ್ ಒತ್ತಿದರು ಎಂದು ಕಾಣುತ್ತದೆ, ಮೋಟಾರ್ ತಿರುಗಿತು, ಹಗ್ಗ ಓಡಿತು, ಲಿಫ್ಟ್ ಅವರನ್ನು ಕರೆದುಕೊಂಡು ಮೇಲೆ ಬಂತು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಮಾಸ್ಕಿನ ಒಳಗೇ ಸಿಳ್ಳೆ ಹಾಕಿದೆ, ನಾಲ್ಕು ವರ್ಷದ ಮೇಲೆ, ಹಾಡು ಮೊದಲಿನಿಂದ ಕೊನೆಯವರೆಗೆ. ನಾನು ಒಂದು ಜಾಗದಲ್ಲಿ ಯಾವಾಗಲೂ ತಪ್ಪುತ್ತೇನೆ ಎಂದು ಮಗಳು ಹೇಳುತ್ತಿದ್ದಳು, ನಾನು ಒಪ್ಪುತ್ತಿರಲಿಲ್ಲ. ನಿನ್ನೆಯೂ ಅಲ್ಲೇ ತಪ್ಪಿತು. ಆ ತಪ್ಪು ನನ್ನದು. ಉಸಿರು ನಿಮ್ಮವರದು, ಅದು ಒಂದು ಕಡೆಯೂ ಕಡಿಯಲಿಲ್ಲ.

ಒಬ್ಬ ಲಿಫ್ಟ್ ಮೆಕ್ಯಾನಿಕ್